ತಿಪ್ಪೆಯ ಕೋಳಿಯೂ ಪಂಜರದ ಕೋಳಿಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಪಾಳೆಯಗಾರರ ಕೋಟೆಗಳನ್ನೂ ಉಜ್ಜಿನಿಯ ಪೀಠವನ್ನೂ ಕೊಟ್ಟೂರೇಶ್ವರನ ತೇರನ್ನೂ ಮೈಲಾರದ ಕಾರಣಿಕವನ್ನೂ ಹಡಗಲಿಯ ಮಲ್ಲಿಗೆಯನ್ನೂ ತಪ್ಪದೆ ಸ್ಮರಿಸುವರು. ಅದೇ ಊರುಗಳ ಹಿತ್ತಿಲಲ್ಲಿ ಶತಮಾನಗಳಿಂದ ತಿಪ್ಪೆಯನ್ನು ಕೆದಕುತ್ತ ಬಂದ ಕೋಳಿಯನ್ನು ಕುರಿತು ಬರೆದವರು ವಿರಳ. ಈ ಪ್ರಾಂತದಲ್ಲಿ ಕೋಳಿಯ ಬಾಳು ಒಬ್ಬ ಮನುಷ್ಯನ ಆಯುಷ್ಯದೊಳಗೇ ಆಮೂಲಾಗ್ರವಾಗಿ ಮಾರ್ಪಟ್ಟಿರುವುದರಿಂದ, ಆ ಮಾರ್ಪಾಟಿನ ಗುರುತು ಅದು ಇಡುವ ತತ್ತಿಯ ಚಿಪ್ಪಿನ ಮೇಲೆಯೇ ಮೂಡಿರುವುದರಿಂದ, ಅದನ್ನು ಬರೆದಿಡುವುದು ಅವಶ್ಯವೆಂದು ನನ್ನ ಭಾವನೆ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಪೇಟೆಯ ಧಾರಣೆಗಳನ್ನು ಹೇಳುವಾಗ, ನಗರದಲ್ಲಿ ಒಂದು ಹಣಕ್ಕೆ ಮೂರು ಕೋಳಿಗಳೂ ನಗರದ ಹೊರಗೆ ಅದೇ ಹಣಕ್ಕೆ ನಾಲ್ಕು ಕೋಳಿಗಳೂ ದೊರೆಯುತ್ತಿದ್ದುವೆಂದು ಬರೆದಿಟ್ಟಿದ್ದಾನೆ. ಆ ನಾಲ್ಕನೆಯ ಕೋಳಿಯೇ ಹಳ್ಳಿಗಾಡಿನ ಸಮೃದ್ಧಿಗೆ ಸಾಕ್ಷಿ. ಹಂಪೆಗೆ ನೆರೆಯಾದ ನಮ್ಮ ಸೀಮೆಯ ಅಂಗಳಗಳೂ ಆ ಪೇಟೆಗೆ ಹಕ್ಕಿಗಳನ್ನು ಕಳುಹಿಸಿರಬೇಕೆಂದು ಊಹಿಸುವುದು ಅಸಂಗತವಾಗದು. ತರುವಾಯ ರಾಜ್ಯಗಳು ಬಂದುವು, ಹೋದುವು. 1800ರಲ್ಲಿ ಈ ಪ್ರದೇಶವು ನಿಜಾಮನ ಕೈಯಿಂದ ಕುಂಪಣಿ ಸರ್ಕಾರಕ್ಕೆ ಸಂದಿತು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬೇರ್ಪಟ್ಟು ಮೈಸೂರಿಗೆ ಸೇರಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಗೆ ಒಳಪಟ್ಟಿತು. ಈ ಯಾವ ಪಲ್ಲಟವೂ ಹಿತ್ತಿಲಿನ ಹೇಂಟೆಯನ್ನು ತಾಗಿದುದಿಲ್ಲ.

ಆ ಹೇಂಟೆಯ ಸಾಕಣೆ ಹೆಂಗಸರ ಕೈಯಲ್ಲಿತ್ತು. ಅದಕ್ಕೆಂದು ಮೇವು ಕೊಳ್ಳುವವರಿರಲಿಲ್ಲ. ಜೋಳ ಸಜ್ಜೆ ನವಣೆಗಳನ್ನು ಕೇರುವಾಗ ಉದುರಿದ ನುಚ್ಚು, ತಿಪ್ಪೆಯ ಹುಳು, ಬೇಲಿಯ ಸೊಪ್ಪು, ಇಷ್ಟೇ ಅದರ ಆಹಾರ. ಕೋಳಿಯಿಲ್ಲದ ಬಡವೆಗೆ ಇದ್ದವಳು ಒಂದು ಹೇಂಟೆಯನ್ನು ಪಾಲಿಗೆ ಕೊಡುವಳು. ಮರಿಗಳು ಬೆಳೆದ ಮೇಲೆ ಇಬ್ಬರೂ ಹಂಚಿಕೊಳ್ಳುವರು. ನಾಟಿ ಹೇಂಟೆ ಹನ್ನೆರಡೋ ಹದಿನೈದೋ ತತ್ತಿಗಳನ್ನಿಟ್ಟು ನಿಲ್ಲಿಸಿ ಕಾವಿಗೆ ಕೂರುವುದು. ಇಪ್ಪತ್ತೊಂದು ದಿವಸ ಕಾವು, ಅನಂತರ ಕೆಲವು ವಾರ ಮರಿಗಳ ಪೋಷಣೆ, ಅದಾದ ಮೇಲೆಯೇ ಮತ್ತೆ ತತ್ತಿ. ಹೀಗೆ ವರ್ಷಕ್ಕೆ ಐವತ್ತು ಅರವತ್ತು ತತ್ತಿಗಳಾದರೆ ಹೆಚ್ಚು. ಇದನ್ನು ಹಿಂದುಳಿದ ಪದ್ಧತಿಯೆಂದು ಹೀಗಳೆದ ಗ್ರಂಥಗಳನ್ನು ಓದಿದ್ದೇನೆ; ಆದರೆ ಆ ಕಾವಿನ ವಿರಾಮದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಅವು ಗಮನಿಸಲಿಲ್ಲ.

ತತ್ತಿಯ ಚಿಪ್ಪೆಂಬುದು ನೂರಕ್ಕೆ ತೊಂಬತ್ತನಾಲ್ಕು ಪಾಲಿನಷ್ಟು ಸುಣ್ಣಕಲ್ಲೇ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅದು ಕೋಳಿಯ ಗರ್ಭಚೀಲದಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಗಂಟೆಗಳ ಕಾಲ, ಬಹುಪಾಲು ರಾತ್ರಿಯ ವೇಳೆ, ಪದರಪದರವಾಗಿ ಶೇಖರವಾಗುವುದು. ರಾತ್ರಿ ಕೋಳಿ ಮೇಯುವುದಿಲ್ಲವಾದ್ದರಿಂದ ಹಗಲಿನಲ್ಲಿ ನುಂಗಿದ ಹರಳುಗಳು ಹೊಟ್ಟೆಯಲ್ಲಿ ಮೆಲ್ಲಮೆಲ್ಲನೆ ಕರಗಿ ಒದಗಬೇಕು. ಅದು ಸಾಲದಾದಾಗ ಮೂಳೆಯೇ ಕರಗಿ ಒದಗಬೇಕು. ನಮ್ಮ ಎರೆಹೊಲಗಳಲ್ಲಿ ಮಣ್ಣಿನೊಡನೆ ಬೆರೆತ ಸುಣ್ಣದ ಗುಂಡುಹರಳುಗಳು, ಕೆರೆಯಂಗಳದ ಬಸವನಹುಳುವಿನ ಚಿಪ್ಪುಗಳು, ಗೋಡೆಯಿಂದುದುರಿದ ಗಾರೆ, ಇವುಗಳಿಂದ ತನಗೆ ಬೇಕಾದುದನ್ನು ಹೇಂಟೆ ತಾನೇ ಆರಿಸಿಕೊಳ್ಳುತ್ತಿತ್ತು. ಬಿಸಿಲು ಅದರ ಮೈಯಲ್ಲಿ ಡಿ ಜೀವಸತ್ವವನ್ನುಂಟುಮಾಡಿ ಆ ಸುಣ್ಣ ರಕ್ತಕ್ಕೆ ಸೇರುವಂತೆ ಮಾಡುತ್ತಿತ್ತು. ಕಾವಿಗೆ ಕುಳಿತ ವಾರಗಳಲ್ಲಿ ತತ್ತಿಯ ಬೇಡಿಕೆ ನಿಂತು, ಸವೆದ ಮೂಳೆ ಮರಳಿ ಗಟ್ಟಿಯಾಗುತ್ತಿತ್ತು.

ಆರಿಸಿಕೊಳ್ಳುವ ಹರಳು, ಬಿಸಿಲು, ಕಾವಿನ ಬಿಡುವು, ಈ ಮೂರನ್ನೂ ಕಳೆದುಕೊಂಡ ಕೋಳಿಯ ಕಥೆ ದೂರದೇಶದಲ್ಲಿ ಆರಂಭವಾದುದು. 1920ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹಾರ್ಟ್, ಹಾಲ್ಪಿನ್, ಸ್ಟೀನ್‌ಬಾಕ್ ಎಂಬ ವಿದ್ವಾಂಸರು ಕೋಳಿಮರಿಗಳ ಕಾಲುಗಳ ದೌರ್ಬಲ್ಯವನ್ನು ಬಿಸಿಲಿನಿಂದಲೂ ಮೀನೆಣ್ಣೆಯಿಂದಲೂ ತಪ್ಪಿಸಬಹುದೆಂದು ತೋರಿಸಿಕೊಟ್ಟರು. ಕರುಣೆಯ ಆ ಸಂಶೋಧನೆಯೇ, ಬಿಸಿಲನ್ನು ಕಾಣದೆ ಕೋಳಿಯನ್ನು ಮನೆಯೊಳಗಿಟ್ಟು ಬೆಳೆಸಬಹುದೆಂಬ ಧೈರ್ಯವನ್ನು ಉದ್ಯಮಕ್ಕೆ ಕೊಟ್ಟಿತು. 1950ರ ದಶಕದ ವೇಳೆಗೆ ಪಂಜರದ ಕೋಳಿಗಳು ಮೂಳೆ ಟೊಳ್ಳಾಗಿ ಎದ್ದು ನಿಲ್ಲಲಾರದೆ ಬೀಳುವ ಹೊಸ ವ್ಯಾಧಿಯೊಂದನ್ನು ಪಶುವೈದ್ಯರು ವರ್ಣಿಸತೊಡಗಿದರು. ಭಾರತದಲ್ಲಿ 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಸ್ಥಾಪಿತವಾಯಿತು; 1982ರಲ್ಲಿ ಅದರ ಸ್ಥಾಪಕರಾದ ಬಿ. ವಿ. ರಾವ್ ಅವರ ನೇತೃತ್ವದಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಪ್ರತಿದಿನ ಪ್ರಕಟಿಸುವ ಧಾರಣೆಯ ಪಟ್ಟಿಯಲ್ಲಿ ಹೊಸಪೇಟೆಯ ಹೆಸರೂ ಸೇರಿತು. ನಮ್ಮ ಮಸಾರಿ ನೆಲಗಳಲ್ಲಿ ಸಜ್ಜೆ ನವಣೆಗಳು ಹಿಮ್ಮೆಟ್ಟಿ ಮೆಕ್ಕೆಜೋಳ ಹಬ್ಬಿತು. ಮೇವು ಕಾಲ ಬುಡದಲ್ಲೇ ಬೆಳೆಯುವಾಗ ಫಾರಂಗಳು ಏಳುವುದು ಸಹಜವೇ ಆಗಿತ್ತು. ಮೆಕ್ಕೆಜೋಳದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಅಲ್ಪವಾದುದರಿಂದ ಸುಣ್ಣಕಲ್ಲನ್ನು ತೂಗಿ ಬೆರೆಸಬೇಕಾಯಿತು.

ಫಾರಂ ಕೋಳಿ ಕಾವಿಗೆ ಕೂರುವುದಿಲ್ಲ. ಆ ಸ್ವಭಾವವನ್ನೇ ತಳಿಯಿಂದ ಅಳಿಸಿಬಿಟ್ಟಿದ್ದಾರೆ. ವರ್ಷಕ್ಕೆ ಮುನ್ನೂರು ತತ್ತಿಯೆಂದರೆ ಸುಮಾರು 600 ಗ್ರಾಂ ಕ್ಯಾಲ್ಸಿಯಂ. ಅದರ ಇಡೀ ಅಸ್ಥಿಪಂಜರದಲ್ಲಿರುವುದೋ 20 ಗ್ರಾಂ. ತನ್ನ ಮೂಳೆಗಳ ಮೂವತ್ತು ಪಟ್ಟು ಸುಣ್ಣವನ್ನು ಒಂದೇ ವರ್ಷದಲ್ಲಿ ಹೊರಗೆ ಕೊಡುವ ಜೀವಿಗೆ ಸಾಮಾನ್ಯ ಕಾಗದದ ಒಂದು ಹಾಳೆಯಷ್ಟು ಜಾಗವೂ ಇಲ್ಲವೆಂಬುದು ನನ್ನನ್ನು ನೋಯಿಸುತ್ತದೆ. ಯುರೋಪಿಯನ್ ಒಕ್ಕೂಟವು 2012ರ ಜನವರಿ 1ರಿಂದ ಬರಿಯ ತಂತಿಪಂಜರಗಳನ್ನು ನಿಷೇಧಿಸಿತು. ನಮ್ಮ ಕಾನೂನು ಆಯೋಗವೂ 2017ರ ಜುಲೈ ತಿಂಗಳ ತನ್ನ 269ನೆಯ ವರದಿಯಲ್ಲಿ ತತ್ತಿಕೋಳಿಗಳ ವಸತಿಗೆ ನಿಯಮಗಳನ್ನು ಸೂಚಿಸಿತು. ಇಂಗ್ಲೆಂಡಿನಲ್ಲಿ ಪಂಜರದಿಂದ ಬಿಡಿಸಿದ ಕೋಳಿಗಳಿಗೆ ಮನೆ ಹುಡುಕುವ ಧರ್ಮಸಂಸ್ಥೆಯೇ 2005ರಿಂದ ನಡೆದುಬಂದಿದೆ. ನಮ್ಮಲ್ಲಿ ಎಪ್ಪತ್ತೆರಡೋ ಎಂಬತ್ತೋ ವಾರ ತುಂಬಿದ ಲೇಯರ್ ಕೋಳಿ ಮಾಂಸಕ್ಕೆ ಹೋಗುವುದೇ ವಾಡಿಕೆ.

ಅಂಥದೊಂದನ್ನು ಕೊಯ್ಯದೆ ಉಳಿಸಿಕೊಂಡ ಮನೆಯಲ್ಲಿ ಮೊದಲು ಕಾಣುವುದು ಚಿಪ್ಪಿಲ್ಲದ, ತೊಗಲಿನ ಚೀಲದಂತಿರುವ ತತ್ತಿ. ಅಪಶಕುನವೆಂದು ಹೆದರಬೇಕಾಗಿಲ್ಲ. ಮುದಿತನ, ಸ್ಥಳಾಂತರದ ಭಯ, ಮೇವಿನ ವ್ಯತ್ಯಾಸ, ಬೇಸಗೆಯ ಧಗೆ ಇವೆಲ್ಲ ಕಾರಣಗಳೇ. ತೇಕುವ ಕೋಳಿ ಉಸಿರಿನೊಡನೆ ಇಂಗಾಲಾಮ್ಲವನ್ನು ಹೆಚ್ಚಾಗಿ ಕಳೆದುಕೊಂಡು ಚಿಪ್ಪಿಗೆ ಬೇಕಾದ ಅಂಶವನ್ನೇ ಕಳೆದುಕೊಳ್ಳುವುದರಿಂದ, ನಮ್ಮ ಏಪ್ರಿಲ್ ಮೇ ತಿಂಗಳುಗಳಲ್ಲಿ ಬೇವಿನ ನೆರಳೂ ತಣ್ಣೀರೂ ಸುಣ್ಣದಷ್ಟೇ ಮುಖ್ಯ. ಲೇಯರ್ ಮೇವನ್ನು ಥಟ್ಟನೆ ತಪ್ಪಿಸಿ ಬರಿಯ ನುಚ್ಚು ಹಾಕಬಾರದು. ಕಡಲಚಿಪ್ಪಿನ ದಪ್ಪ ಹರಳನ್ನೋ ಹುರಿದು ಪುಡಿಮಾಡಿದ ತತ್ತಿಯ ಚಿಪ್ಪನ್ನೋ ಬೇರೊಂದು ಬಟ್ಟಲಲ್ಲಿಟ್ಟು, ಸಂಜೆಯ ಹೊತ್ತು ಸಿಗುವಂತೆ ಮಾಡಿದರೆ ರಾತ್ರಿಯ ಕೆಲಸಕ್ಕೆ ಒದಗುವುದು. ಎಳೆಮರಿಗಳಿಗೆ ಮಾತ್ರ ಅದನ್ನು ತಿನಿಸಬಾರದು, ಮೂತ್ರಪಿಂಡ ಕೆಡುವುದು. ಎಲೆಯಡಕೆಯ ಸುಟ್ಟ ಸುಣ್ಣ ಬಾಯಿಯನ್ನು ಸುಡುವುದಾದ್ದರಿಂದ ಅದನ್ನು ಎಂದಿಗೂ ಕೊಡಕೂಡದು. ಮೂಳೆ ಬಲಹೀನವಾಗಿರುವುದರಿಂದ ಕೂರುವ ಗಳು ನೆಲಕ್ಕೆ ಸಮೀಪವಿರಬೇಕು. ಕೋಳಿ ಮುದುಡಿ ಕುಳಿತು ತಿಣುಕಿಯೂ ತತ್ತಿ ಹೊರಬರದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಅದರಿಂದಲೂ ಆಗದಿದ್ದರೆ ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು. ಹಲವು ಕೋಳಿಗಳು ಒಟ್ಟಿಗೆ ಮೆದುತತ್ತಿಯಿಟ್ಟು ಸೀನುತ್ತಿದ್ದರೆ ಅದು ಕೊಕ್ಕರೆ ರೋಗವೋ ಮತ್ತಾವ ಸಾಂಕ್ರಾಮಿಕವೋ ಆಗಿರಬಹುದು; ಆಗ ಸುಣ್ಣದಿಂದ ಪ್ರಯೋಜನವಿಲ್ಲ.

ಕೆಲವು ತಿಂಗಳುಗಳ ಬಳಿಕ, ಹಗಲು ಕಿರಿದಾಗುವ ಮಾರ್ಗಶಿರ ಪುಷ್ಯಗಳ ಹೊತ್ತಿಗೆ, ಆ ಕೋಳಿ ಹಳೆಯ ಗರಿಗಳನ್ನುದುರಿಸಿ ತತ್ತಿಯಿಡುವುದನ್ನೇ ನಿಲ್ಲಿಸೀತು. ಕಾವಿಗೆ ಕೂರಲರಿಯದ ಆ ತಳಿಗೆ ಮೂಳೆ ತುಂಬಿಕೊಳ್ಳಲು ದೊರೆತ ಬಿಡುವು ಅದೊಂದೇ. ಫಾರಂನವರಂತೆ ಗೂಡಿನಲ್ಲಿ ದೀಪವುರಿಸಿ ಹಗಲನ್ನು ಹದಿನಾರು ಗಂಟೆಗೆ ಹಿಗ್ಗಿಸಹೋಗಬಾರದು.