ಊರಿಗೆ ಹೋಗೂಮುಂದ ಮೊಲದ ಚಿಂತಿ

ಹೋದ ಮೇ ತಿಂಗಳದಾಗ ತಂಗಿ ಮಗಳ ಲಗ್ನಕ್ಕ ನಾವೆಲ್ಲಾ ಬೆಳಗಾವಿಗೆ ಹೋಗಿದ್ದು ನಿಮಗ ನೆನಪಿರಬೇಕು. ಮೂರ ದಿನಾ ಅಂತ ಹೋದವ್ರು ಐದ ದಿನಾ ಉಳಕೊಂಡ್ವಿ. ಮನ್ಯಾಗ ಎರಡು ಮೊಲಾ ಇದ್ವು. ಗೂಡಿನಾಗ ಎರಡು ಬಟ್ಟಲ ನೀರು, ಹುಲ್ಲು, ಅರ್ಧ ಕಿಲೋ ಗಜ್ಜರಿ ಇಟ್ಟು, ಬಾಗಲಾ ಕೀಲಿ ಹಾಕಿ ಹೋಗಿದ್ದೆ. ಬಂದು ನೋಡಿದ್ರ ಬಟ್ಟಲ ಉಳ್ಳಿಬಿದ್ದಿದ್ವು. ಬಿಳೇ ಮೊಲಾ ಮೂಲ್ಯಾಗ ಮುದ್ದಿಯಾಗಿ ಕುಂತಿತ್ತು. ಮರುದಿನ ಮುಂಜಾನೆ ಸತ್ತುಹೋತು. ಮಗಳು ಎಂಟ ದಿನಾ ನನ್ನ ಜೋಡಿ ಸರಿಯಾಗಿ ಮಾತಾಡಲಿಲ್ಲ. ತಪ್ಪು ನಂದೇ, ಇನ್ನೊಬ್ಬರ ಮ್ಯಾಲೆ ಹಾಕಾಕ ಬರೂದಿಲ್ಲ.

ಈಗ ಬರೂ ವಾರ ಮತ್ತ ವಿಜಯಪುರಕ್ಕ ಹೋಗೂದದ. ಉಳದ ಕಂದು ಮೊಲದ್ದು ಏನ ಮಾಡೂದು? ಅತ್ತಿಯವ್ರು ಅಂದ್ರು, "ಹೊಲದಾಗ ಬಿಟ್ಟ ಬಾರವಾ, ಹುಲ್ಲ ತಿಂದಕೊಂಡು ಇರ್ತದ." ವೈನಿ ಅಂದ್ರು, "ಬುಟ್ಟ್ಯಾಗ ಹಾಕ್ಕೊಂಡು ಬಾ, ಅದೇನ ದೊಡ್ಡ ಮಾತು?" ಎರಡೂ ಹೊಸಾ ಮಾತಲ್ಲ. ಹಿಂದಿನ ಮಂದಿ ಎರಡನ್ನೂ ಮಾಡಿ ನೋಡ್ಯಾರ.

ಮೊದಲ ಬಿಟ್ಟವ್ರ ಕಥಿ ಹೇಳತೀನಿ. ಸುಮಾರು 600 ವರ್ಷದ ಹಿಂದ ಪೋರ್ಚುಗಲ್ಲಿನ ಪೆರೆಸ್ಟ್ರೆಲೊ ಅನ್ನಾಂವ ಅಟ್ಲಾಂಟಿಕ್ ಸಮುದ್ರದಾಗಿನ ಪೋರ್ಟೊ ಸಾಂಟೊ ಅನ್ನೂ ನಡುಗಡ್ಡಿಗೆ ಸಂಸಾರ ಹೂಡಾಕ ಹೊಂಟ. ಮುಂದ ಇವನ ಮಗಳನ್ನೇ ಕೊಲಂಬಸ್ ಲಗ್ನ ಆದ. ಹಡಗಿನಾಗ ಒಂದು ಬಸರಿ ಮೊಲಾ ಇತ್ತು, ಅದು ದಾರ‍್ಯಾಗೇ ಮರಿ ಹಾಕ್ತು. ಮಂದಿ ಶುಭಶಕುನ ಅಂತ ಹಿಗ್ಗಿದ್ರು, ತಾಯಿ-ಮರಿ ಎಲ್ಲಾನೂ ನೆಲಕ್ಕ ಬಿಟ್ರು. ಅಲ್ಲಿ ಅವನ್ನ ಹಿಡದು ತಿನ್ನೂ ಪ್ರಾಣಿ ಇರಲಿಲ್ಲ. ಒಂದೆರಡು ವರ್ಷದಾಗ ಮೊಲಾ ಎಷ್ಟಾದ್ವು ಅಂದ್ರ, ಬಿತ್ತಿದ್ದೆಲ್ಲಾ ತಿಂದು ಮಂದಿನ್ನೇ ಊರು ಬಿಡಿಸಿದ್ವು. ಆ ಮೊಲದ ಸಂತತಿ ಬಗ್ಗೆ ಡಾರ್ವಿನ್ 1868ರ ಪುಸ್ತಕದಾಗ ಬರದಾನ.

ಆಸ್ಟ್ರೇಲಿಯಾದ್ದೂ ಹಿಂಗ. 1859ರ ಕ್ರಿಸ್‌ಮಸ್ ದಿನ ಇಂಗ್ಲೆಂಡಿನಿಂದ ಹಡಗಿನಾಗ 24 ಮೊಲಾ ಮೆಲ್ಬರ್ನಿಗೆ ಬಂದು ಮುಟ್ಟಿದ್ವು. ಥಾಮಸ್ ಆಸ್ಟಿನ್ ಅನ್ನೂ ಜಮೀನ್ದಾರ ಬೇಟೆ ಆಡಾಕಂತ ತರಿಸಿದ್ದ. ಅವು ಹಬ್ಬಿದ್ದನ್ನ ತಡೀಲಿಕ್ಕೆ 1901ರಿಂದ 1907ರ ತನಕಾ ಬೇಲಿ ಹಾಕಿದ್ರು. ಮೊದಲನೇ ಬೇಲಿ ಒಂದೇ 1,833 ಕಿಲೋಮೀಟರ್. ಆದ್ರೂ ಮೊಲಾ ನಿಲ್ಲಲಿಲ್ಲ.

ನಮ್ಮ ಹೊಲದಾಗ ಬಿಟ್ರ ಇಷ್ಟೆಲ್ಲಾ ಆಗೂದಿಲ್ಲ, ಮೊದಲೇ ದಿನಾ ನಾಯಿ ಪಾಲಾಗತದ. ಹೊಲದಾಗ ಓಡೂ ಮೊಲಾ ಬ್ಯಾರೆ, ಪೇಟ್ಯಾಗಿಂದ ತರೂ ಮೊಲಾ ಬ್ಯಾರೆ. ಹೊಲದ್ದು ಬಿಲಾ ತೋಡೂದಿಲ್ಲ, ಅದರ ಮರಿ ಹುಟ್ಟೂಮುಂದೇ ಕಣ್ಣ ಬಿಟ್ಟು ಮೈತುಂಬ ಕೂದಲಾ ಇಟ್ಟಕೊಂಡು ಬರತದ. ಸಾಕೂದು ಯುರೋಪಿನ ಬಿಲದ ಮೊಲದ ವಂಶ. ಅದರ ಮರಿ ಹುಟ್ಟೂಮುಂದ ಬರೇ ಮೈಯಿಂದು, ಕಣ್ಣೂ ಬಿಟ್ಟಿರೂದಿಲ್ಲ. ಅತ್ತಿ, ಸಿಟ್ಟಾಗಬ್ಯಾಡ್ರಿ.

ಇನ್ನ ವೈನಿ ಹೇಳಿದ ಬುಟ್ಟಿ. ಪೀಟರ್ ಮೊಲದ ಕಥಿ ಬರದ ಬಿಯಾಟ್ರಿಕ್ಸ್ ಪಾಟರ್ ಬಾಯಿ ಗೊತ್ತಲ್ಲ? 1892ರ ಜುಲೈದಾಗ ಆಕಿ ಮನಿಮಂದಿ ಜೋಡಿ ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ರೈಲಿನಾಗ ಹೊಂಟಿದ್ಲು. ಆಕಿ ಸಾಕಿದ ಬೆಂಜಮಿನ್ ಅನ್ನೂ ಮೊಲಾನೂ ಮುಚ್ಚಿದ ಬುಟ್ಟ್ಯಾಗ ಜೋಡಿಗೇ ಇತ್ತು. ದಾರ‍್ಯಾಗ, ಪಾಪ ಗಾಳಿ ಆಡ್ಲಿ ಅಂತ ಹೊರಗ ತಗದ್ರು. ಅದು ಅಂಜಿ ಮನಿಯವ್ರನ್ನೇ ಕಚ್ಚಿತು! ಇದನ್ನ ಆಕಿನೇ ದಿನಚರ‍್ಯಾಗ ಬರದಿಟ್ಟಾಳ. ಊರು ಮುಟ್ಟಿದ ಮ್ಯಾಲೆ ಅದೇ ಮೊಲಾ ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡು ಆಕಿ ಜೋಡಿ ತಿರಗ್ಯಾಡತಿತ್ತು. ಮರುವರ್ಷ 1893ರ ಸೆಪ್ಟೆಂಬರ್ 4ಕ್ಕ ಸ್ಕಾಟ್ಲೆಂಡಿನಿಂದಲೇ ಒಂದು ಜಡ್ಡಾದ ಹುಡುಗನಿಗೆ ಆಕಿ ಬರದ ಪತ್ರದಾಗ ಪೀಟರ್ ಕಥಿ ಹುಟ್ಟಿತು.

ಅಂದ್ರ ಮೊಲಾ ಊರಿಗೆ ಅಂಜೂದಿಲ್ಲ, ದಾರಿಗೆ ಅಂಜತದ. ಅಂಜಿದ ಮೊಲಾ ತಿನ್ನೂದು ಬಿಡತದ. ತಿನ್ನೂದು ಬಿಟ್ರ ಹೊಟ್ಟಿ ನಿಂತಬಿಡತದ. ಮೊಲಕ್ಕ ವಾಂತಿ ಮಾಡಾಕ ಬರೂದಿಲ್ಲ. ಅರ್ಧ ದಿನಾ ತಿನ್ನಲಿಲ್ಲ ಅಂದ್ರ ಡಾಕ್ಟರ ಕಡೆ ಓಡಬೇಕು. ಮ್ಯಾಲೆ ಅದಕ್ಕ ಸೆಕೆ ತಡಿಯೂದಿಲ್ಲ, ಜಡ್ಡಾದ್ರೂ ತೋರಸಿಕೊಡೂದಿಲ್ಲ. ನನ್ನ ಬಿಳೇ ಮೊಲಾ ಅಷ್ಟ ದಿನಾ ಹೆಂಗ ಕುಂತಿತ್ತೋ, ನೋಡಾಕ ಯಾರೂ ಇರಲಿಲ್ಲ. ಹುಲ್ಲು ಕಡಿಮಿ ಆಗಿತ್ತು ಅನ್ನೂದಕ್ಕಿಂತ ಕಣ್ಣು ಕಡಿಮಿ ಆಗಿದ್ವು.

ಅದಕ್ಕ ಈ ಸಲ ಬಿಡೂದೂ ಇಲ್ಲ, ಒಯ್ಯೂದೂ ಇಲ್ಲ. ಬಾಜೂಮನಿ ಕಾಕೂಗ ಕೀಲಿ ಕೊಟ್ಟೀನಿ. ಮೊಲಾ ತನ್ನ ಗೂಡಿನಾಗೇ ಇರತದ. ಕಾಕೂ, ಮುಂಜಾನೆ-ಸಂಜಿಕ ಎರಡ ಸಲ ಬರ‍್ರಿ. ಒಣಹುಲ್ಲು ಯಾವಾಗಲೂ ತುಂಬಿರಲಿ, ನೀರಿನ ಬಟ್ಟಲ ಭಾರದ್ದು ಇಟ್ಟೀನಿ. ಕೊತಂಬರಿ ಒಂದ ಹಿಡಿ, ಗಜ್ಜರಿ ಬೆರಳಷ್ಟ ಸಾಕು. ಹಿಕ್ಕಿ ಬಿದ್ದಾವೋ ಇಲ್ಲೋ ಅದನ್ನ ಮಾತ್ರ ದಿನಾ ನೋಡ್ರಿ. ಕಡಿಮಿ ಆದ್ರ ನನಗ ಫೋನ್ ಮಾಡ್ರಿ, ಲಗ್ನದ ಅಕ್ಕಿಕಾಳ ಬೀಳೂ ಹೊತ್ತಾದ್ರೂ ಎತ್ತತೀನಿ.

ಮಗಳಿಗೂ ಇದನ್ನೇ ಹೇಳೀನಿ. ಆಕಿ ಏನೂ ಅನಲಿಲ್ಲ. ಕಾಕೂ ಮನಿ ನಂಬರ್ ದೊಡ್ಡ ಅಕ್ಷರದಾಗ ಬರದು ಗೂಡಿಗೆ ಕಟ್ಟಿ ಬಂದ್ಲು.