ಹೊಸ ನಗರ, ಹಳೆಯ ಗುಡಿ: ‘ಮಾರ್ಗ್’ ಪತ್ರಿಕೆಯ ಕಥೆ

ಸ್ವಾತಂತ್ರ್ಯಕ್ಕೆ ಇನ್ನೂ ಹತ್ತು ತಿಂಗಳಿರುವಾಗ, 1946ರ ಅಕ್ಟೋಬರ್‌ನಲ್ಲಿ, ಬೊಂಬಾಯಿಯಿಂದ ‘ಮಾರ್ಗ್’ ಎಂಬ ಇಂಗ್ಲಿಷ್ ತ್ರೈಮಾಸಿಕ ಹೊರಬಂತು. ಸಂಪಾದಕರು ಕಾದಂಬರಿಕಾರ ಮುಲ್ಕ್ ರಾಜ್ ಆನಂದ್. ಮಾಡರ್ನ್ ಆರ್ಕಿಟೆಕ್ಚರಲ್ ರಿಸರ್ಚ್ ಗ್ರೂಪ್ ಎಂಬ ಕೂಟದ ಮೊದಲಕ್ಷರಗಳೇ ಪತ್ರಿಕೆಯ ಹೆಸರಾಗಿದ್ದವು. ಕೂಟದವರ ಕೈಯಲ್ಲಿ ಹಣವಿರಲಿಲ್ಲ. ಜೆ.ಆರ್.ಡಿ. ಟಾಟಾ ಒದಗಿಸಿದ ಏಳು ಜಾಹೀರಾತು, ಎರಡು ಕೋಣೆ ಇಷ್ಟೇ ಬಂಡವಾಳ. ಮೊದಲ ಸಂಪಾದಕೀಯದ ತಲೆಬರಹದಲ್ಲಿ ಮಾತ್ರ ಯೋಜನೆಯ ಜೊತೆಗೆ ಕನಸೂ ಇತ್ತು.

ವಾಸ್ತುಶಿಲ್ಪದ ಪತ್ರಿಕೆಗಳು ಸಾಮಾನ್ಯವಾಗಿ ಎರಡು ಬಗೆ. ಹೊಸ ಕಟ್ಟಡಗಳನ್ನು ಮೆರೆಸುವವು ಒಂದು ಬಗೆ, ಹಳೆಯ ಸ್ಮಾರಕಗಳನ್ನು ಅಳೆದು ದಾಖಲಿಸುವವು ಇನ್ನೊಂದು. ‘ಮಾರ್ಗ್’ ಈ ಬೇಲಿಯನ್ನು ಒಪ್ಪಲಿಲ್ಲ. ಕಾಂಕ್ರೀಟಿನ ಮನೆಗಳ ನಕ್ಷೆ ಮತ್ತು ಗುಡಿಯ ಶಿಲ್ಪದ ಚಿತ್ರ ಅಲ್ಲಿ ಒಂದೇ ರಕ್ಷಾಪುಟದೊಳಗೆ ಬಂದವು. ಹೊಸದಾಗಿ ನಾಡು ಕಟ್ಟಲು ಹೊರಟವರಿಗೆ ಹಿಂದಿನವರು ಹೇಗೆ ಕಟ್ಟಿದ್ದರೆಂಬುದು ಗೊತ್ತಿರಬೇಕು ಎಂಬ ಹಟ ಅದರ ಹಿಂದಿತ್ತು. ಆ ಹಟವೇ ಪತ್ರಿಕೆಯ ನಿಜವಾದ ದೊಡ್ಡತನ.

ಈ ಬೊಂಬಾಯಿ ಕಥೆಯ ಒಂದು ಎಳೆ ಬೆಂಗಳೂರಿನದು. ಪತ್ರಿಕೆಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಒಟ್ಟೊ ಕೋನಿಗ್ಸ್‌ಬರ್ಗರ್ ಆಗ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ. ಬರ್ಲಿನ್‌ನಲ್ಲಿ 1908ರಲ್ಲಿ ಹುಟ್ಟಿದ ಈ ಯಹೂದಿ, ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ದೇಶ ಬಿಟ್ಟರು. ಕೆಲವು ವರ್ಷ ಈಜಿಪ್ಟಿನಲ್ಲಿದ್ದು 1939ರಲ್ಲಿ ಬೆಂಗಳೂರಿಗೆ ಬಂದರು. ಆಗಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮಿರ್ಜಾ ಅವರಿಗೆ ಅಲಂಕಾರದ ಮೇಲೆ ಒಲವು, ಹೊಸ ವಾಸ್ತುಶಿಲ್ಪಿಗೆ ಬಿಸಿಲು ಗಾಳಿಯ ಲೆಕ್ಕವೇ ಮುಖ್ಯ. ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಬೆಂಗಳೂರಿಗರ ಟಾಟಾ ಇನ್‌ಸ್ಟಿಟ್ಯೂಟಿಗೆ, ಅವರು ವಿನ್ಯಾಸ ಮಾಡಿದ ಕಟ್ಟಡಗಳಲ್ಲಿ ವಿಮಾನ ವಿಜ್ಞಾನ ಮತ್ತು ಲೋಹ ವಿಜ್ಞಾನ ವಿಭಾಗಗಳು, ಊಟದ ಮನೆಯೊಂದಿಗಿನ ಸಭಾಂಗಣ ಸೇರಿವೆ.

ಅವರ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಕಟ್ಟಡದ ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖಮಾಡಿದರೆ ಪಡುವಣದ ಇಳಿಬಿಸಿಲು ತಾಗುವುದು ಕಿರಿದಾದ ಬದಿಗೆ ಮಾತ್ರ. ನೆತ್ತಿಯ ಬಿಸಿಲನ್ನು ಕಿಟಕಿಯ ಮೇಲಿನ ಸಜ್ಜಾ ತಡೆಯುತ್ತದೆ. ಎದುರು ಬದುರು ಕಿಟಕಿಗಳಿದ್ದರೆ ಗಾಳಿ ಕೋಣೆಯನ್ನು ಹಾದುಹೋಗುತ್ತದೆ. ಸೂರಿನ ಕೆಳಗೆ ಸೇರುವ ಕಾವು ಹೊರಹೋಗಲು ಎತ್ತರದಲ್ಲಿ ಗವಾಕ್ಷಿ ಬೇಕು. ನಮ್ಮ ತೊಟ್ಟಿ ಮನೆಗಳನ್ನು ಕಟ್ಟಿದವರಿಗೂ ಗಾಳಿ ಬೆಳಕಿನ ಈ ಬಗೆಯ ವಿವೇಕವಿತ್ತು. ಕೋನಿಗ್ಸ್‌ಬರ್ಗರ್ ಅದನ್ನು ಅಳತೆ, ಕೋನ, ಕೋಷ್ಟಕಗಳ ಶಾಸ್ತ್ರವಾಗಿ ಬೆಳೆಸಿದರು. ಅವರು ಇತರ ಮೂವರೊಡನೆ ಬರೆದು 1974ರಲ್ಲಿ ಪ್ರಕಟಿಸಿದ ಉಷ್ಣವಲಯದ ಕಟ್ಟಡಗಳ ಕೈಪಿಡಿ ವಾಸ್ತುಶಿಲ್ಪ ವಿದ್ಯಾರ್ಥಿಗಳ ಪಠ್ಯವಾಯಿತು.

ಕೋನಿಗ್ಸ್‌ಬರ್ಗರ್ ಅವರ ಬೆಂಗಳೂರು ಕಚೇರಿಯಲ್ಲಿ ಸ್ವಲ್ಪ ಕಾಲ ದುಡಿದವರು ಶ್ರೀಲಂಕಾದ ಕ್ಯಾಂಡಿಯ ವಾಸ್ತುಶಿಲ್ಪಿ ಮಿನೆಟ್ ಡಿ ಸಿಲ್ವ. ಗಾಂಧೀಜಿಯ ಬಂಧನವನ್ನು ಪ್ರತಿಭಟಿಸಿದ್ದಕ್ಕೆ ಬೊಂಬಾಯಿಯ ಕಾಲೇಜಿನಿಂದ ಹೊರಹಾಕಿಸಿಕೊಂಡಿದ್ದ ಯುವತಿ. ಮುಂದೆ 1948ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಇನ್‌ಸ್ಟಿಟ್ಯೂಟಿನ ಸದಸ್ಯತ್ವ ಪಡೆದ ಮೊದಲ ಏಷ್ಯನ್ ಮಹಿಳೆಯಾದರು. ಅವರ ಅಕ್ಕ ಅನಿಲ್ ಡಿ ಸಿಲ್ವ 1941ರಲ್ಲಿ ಬೆಂಗಳೂರಿನಲ್ಲಿ ಜನರಂಗಭೂಮಿಯ ತಂಡ ಕಟ್ಟಿದವರು. ಅಕ್ಕತಂಗಿಯರಿಬ್ಬರೂ ‘ಮಾರ್ಗ್’ನ ಆರಂಭದ ಸಂಪಾದಕ ಬಳಗದಲ್ಲಿದ್ದರು. ಆನಂದ್ ಹೆಸರು ನೆನಪಿಸಿಕೊಳ್ಳುವವರು ಈ ಇಬ್ಬರ ಹೆಸರನ್ನೂ ಹೇಳಬೇಕು.

ಪತ್ರಿಕೆಯ ಪುಟಗಳಿಂದ ಒಂದು ನಗರವೇ ಎದ್ದದ್ದೂ ಉಂಟು. ಬೊಂಬಾಯಿಯ 1964ರ ಅಭಿವೃದ್ಧಿ ಯೋಜನೆಗೆ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಶ್ ಪಟೇಲ್ ಪರ್ಯಾಯವೊಂದನ್ನು ಸೂಚಿಸಿದರು. ಅವರ ವಾದ ಸರಳ: ಕಚೇರಿಗಳೆಲ್ಲ ದಕ್ಷಿಣದ ತುದಿಯಲ್ಲಿ, ಜನ ವಾಸಿಸುವುದು ಉತ್ತರದಲ್ಲಿ. ಹೀಗಿರುವಾಗ ಬೆಳಿಗ್ಗೆ ತೆಂಕಣಕ್ಕೆ, ಸಂಜೆ ಬಡಗಣಕ್ಕೆ ರೈಲುಗಳು ಕಿಕ್ಕಿರಿಯದೆ ಇರುತ್ತವೆಯೇ? ನಗರ ಬೆಳೆಯಬೇಕಾದ್ದು ಕೊಲ್ಲಿ ದಾಟಿ ಪೂರ್ವಕ್ಕೆ. ಇದಕ್ಕಾಗಿ ‘ಮಾರ್ಗ್’ 1965ರ ಜೂನ್ ಸಂಚಿಕೆಯನ್ನೇ ಮೀಸಲಿಟ್ಟಿತು. ಸರ್ಕಾರ ಒಪ್ಪಿ 1970ರಲ್ಲಿ ಹೊಸ ನಗರ ಕಟ್ಟಲು ‘ಸಿಡ್ಕೊ’ ಎಂಬ ನಿಗಮ ಸ್ಥಾಪಿಸಿತು, ನವಿ ಮುಂಬೈ ಹುಟ್ಟಿತು. ಆದರೆ ಸಚಿವಾಲಯ ಹಳೆಯ ನಗರದಲ್ಲೇ ಉಳಿಯಿತು. ಅದೇ ದಕ್ಷಿಣದ ತುದಿಯ ನಾರಿಮನ್ ಪಾಯಿಂಟಿನಲ್ಲಿ ಸಮುದ್ರ ತುಂಬಿಸಿ ಕಚೇರಿ ಗೋಪುರಗಳು ಎದ್ದವು. ಯೋಜನೆಯ ಜೀವಾಳಕ್ಕೇ ಬಿದ್ದ ಪೆಟ್ಟು ಅದು.

ವರ್ಷ ಕಳೆದಂತೆ ಪತ್ರಿಕೆ ಪರಂಪರೆಯ ಕಡೆಗೆ ವಾಲಿತು. 1970ರ ದಶಕದಲ್ಲಿ ಹೊಯ್ಸಳ ಕಲೆಗೆ, 1980ರ ದಶಕದ ಆರಂಭದಲ್ಲಿ ಹಂಪಿಗೆ ಮೀಸಲಾದ ಸಂಪುಟಗಳು ಬಂದವು. ಹಂಪಿ 1986ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಹೊತ್ತಿಗಾಗಲೇ ಇಲ್ಲಿನ ಕಲ್ಲುಗಳು ‘ಮಾರ್ಗ್’ನ ನುಣುಪು ಹಾಳೆಯ ಮೇಲೆ ಮೂಡಿದ್ದವು. ಒಂದು ಕೊರಗು ಮಾತ್ರ ಉಳಿಯುತ್ತದೆ. ಆ ಸಂಪುಟಗಳು ಇಂಗ್ಲಿಷಿನವು. ಗುಡಿಯ ನೆರಳಿನಲ್ಲೇ ಬಾಳಿದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಅವು ತಲುಪಲಿಲ್ಲ.

ಆನಂದ್ ಮೂರು ದಶಕಕ್ಕೂ ಮೀರಿ ಸಂಪಾದಕರಾಗಿದ್ದು 2004ರಲ್ಲಿ ತೀರಿಕೊಂಡರು. ಕೋನಿಗ್ಸ್‌ಬರ್ಗರ್ 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು, 1951ರಲ್ಲಿ ಭಾರತ ಬಿಟ್ಟರು. ಬೆಂಗಳೂರಿನಲ್ಲಿ ಅವರು 1940ರ ದಶಕದಲ್ಲಿ ಕಟ್ಟಿಸಿದ ಕಟ್ಟಡಗಳಿಗೆ ಇನ್ನೂ ನೂರು ತುಂಬಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕ ಕಾಯ್ದೆಯ ರಕ್ಷಣೆ ಸಿಗಲು ಕನಿಷ್ಠ ನೂರು ವರ್ಷವಾಗಿರಬೇಕು. ಹಾಗಾಗಿ 2040 ದಾಟುವವರೆಗೆ ಆ ಸಜ್ಜಾ, ಗವಾಕ್ಷಿಗಳನ್ನು ಕಾಯಬೇಕಾದವರು ಅವುಗಳ ಒಡೆತನವಿರುವ ಸಂಸ್ಥೆಗಳು ಮತ್ತು ಬೆಂಗಳೂರಿನ ಜನ.