ಮೊಳೆ ಹೊಡೆಯುವ ಗಾಳಿ

ಗಾಳಿಯನ್ನು ಕೆಲಸಕ್ಕೆ ಹಚ್ಚುವ ಉಪಕರಣಕ್ಕೆ ಕನ್ನಡದಲ್ಲಿ ಹಳೆಯ ಪದವೊಂದಿದೆ: ತಿದಿ. ಅದು ಕಮ್ಮಾರನ ಬೆಂಕಿಯನ್ನು ಊದುತ್ತದೆ. ಮುಂಬೈಯ ಫ್ಲಾಟುಗಳಲ್ಲಿ ಪ್ಲೈವುಡ್ಡಿಗೆ ಮೊಳೆ ಬಿಡುವ ಗಾಳಿಯ ಉಪಕರಣಕ್ಕೆ ಮಾತ್ರ ಬಡಗಿಗಳು 'ಗನ್' ಎನ್ನುತ್ತಾರೆ. ಅನುವಾದಕಿಯಾಗಿ ನನಗೆ ಆ ಹೆಸರೇ ಸರಿ ಅನಿಸುತ್ತದೆ. ಅಪಾಯ ಅದರಲ್ಲೇ ಕೇಳಿಸುತ್ತದೆ.

ಇದರ ಹುಟ್ಟಿನ ಕಥೆ ಒಂದು ವಿಮಾನಕ್ಕೆ ಅಂಟಿಕೊಂಡಿದೆ. ಎರಡನೇ ಮಹಾಯುದ್ಧದಲ್ಲಿ ಲೋಹದ ಅಭಾವದಿಂದಾಗಿ ಅಮೆರಿಕದ ಹೋವರ್ಡ್ ಹ್ಯೂಸ್ ದೈತ್ಯ ವಿಮಾನವೊಂದನ್ನು ಮರದಲ್ಲೇ ಕಟ್ಟಿಸಿದ. ಮರದ ಪದರಗಳ ನಡುವಿನ ಅಂಟು ಒಣಗುವವರೆಗೆ ಅವನ್ನು ಮೊಳೆ ಹೊಡೆದು ಹಿಡಿದಿಡಬೇಕಿತ್ತು, ಆಮೇಲೆ ಕೀಳಬೇಕಿತ್ತು. ಆ ಕೆಲಸಕ್ಕೆ ಗಾಳಿಯ ಗನ್ ರೂಪಿಸಿದವರೆಂದು ಎಂಜಿನಿಯರ್ ಮಾರಿಸ್ ಪೈನೂಸ್ ಹೆಸರು ಹೇಳುತ್ತಾರೆ. ವಿಮಾನ 1947ರ ನವೆಂಬರ್ 2ರಂದು ಒಂದೇ ಸಲ ಹಾರಿತು. ಗನ್ 1950ರಲ್ಲಿ ಮಾರುಕಟ್ಟೆಗೆ ಬಂತು: ನಿಮಿಷಕ್ಕೆ 40ರಿಂದ 60 ಮೊಳೆ.

ವೇಗ ಮೊದಲು ಬಂತು, ಎಚ್ಚರಿಕೆ ಬಹಳ ತಡವಾಗಿ. ಒಂದು ಬಗೆಯ ಗನ್ನಿನಲ್ಲಿ ಕುದುರೆ ಒತ್ತಿ ಹಿಡಿದುಕೊಂಡು ಮೂತಿಯನ್ನು ತಾಕಿಸುತ್ತ ಹೋದರೆ ಸಾಕು, ತಾಕಿದಲ್ಲೆಲ್ಲ ಮೊಳೆ ಹಾರುತ್ತದೆ. ತಾಕಿದ್ದು ತೊಡೆಯಾದರೂ ಅದಕ್ಕೆ ಭೇದವಿಲ್ಲ. ಇನ್ನೊಂದರಲ್ಲಿ ಮೊದಲು ಮೂತಿ, ಆಮೇಲೆ ಕುದುರೆ, ಪ್ರತಿ ಮೊಳೆಗೂ ಹೊಸದಾಗಿ. ಮೊದಲನೆಯದರಲ್ಲಿ ಗಾಯದ ಅಪಾಯ ಸುಮಾರು ಎರಡು ಪಟ್ಟು ಎಂದು ಅಮೆರಿಕದ ಸರ್ಕಾರಿ ಸಂಸ್ಥೆಗಳ ಕೈಪಿಡಿ ಹೇಳಿದ್ದು 2011ರಲ್ಲಿ.

ಮುಂಬೈಯ ನಾಗದೇವಿ ಸ್ಟ್ರೀಟಿನಂಥ ಹಾರ್ಡ್‌ವೇರ್ ಪೇಟೆಗಳಲ್ಲಿ ಸಿಗುವ ಎಫ್-30 ಮಾದರಿಯ ಎಷ್ಟೋ ಅಗ್ಗದ ಗನ್ನುಗಳಿಗೆ ಮೂತಿಯ ಕಾವಲೇ ಇಲ್ಲ. ಕಾನೂನು? 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಮು ಗಾಳಿಯ ಒತ್ತಡ ಮಿತಿಮೀರದಂತೆ ನೋಡಿಕೊಳ್ಳಬೇಕೆಂದಿತು. ಆದರೆ ಅದು ಕಾರ್ಖಾನೆಗೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಮಂದಿ ಇರುವಲ್ಲಿಂದ ಶುರುವಾಯಿತು. ಹತ್ತು ಲಕ್ಷ ಮೀರದ ಸ್ವಂತ ಮನೆಯ ಕೆಲಸವನ್ನು ಹೊರಗಿಟ್ಟಿತು. ಅಂಧೇರಿಯ ಅಡುಗೆಮನೆಯೊಂದಕ್ಕೆ ಕಪಾಟು ಕಟ್ಟುವ ಮೂವರು ಬಡಗಿಗಳು ಎರಡರ ಲೆಕ್ಕಕ್ಕೂ ಸಿಗಲಿಲ್ಲ. ತಲೆ ಎಣಿಸಿ ರಕ್ಷಣೆ ಕೊಡುವ ಈ ಪದ್ಧತಿ ನನಗೆ ಎಂದೂ ಅರ್ಥವಾಗಿಲ್ಲ.

ಹಾಗಾಗಿ ಉಳಿದದ್ದು ಕೈಯ ಅಭ್ಯಾಸ. ಕಣ್ಣಿಗೆ ಕನ್ನಡಕ, ಮರದ ಗಂಟಿಗೆ ಬಡಿದ ಮೊಳೆ ಬಾಗಿ ಪಕ್ಕಕ್ಕೆ ಹೊರಬರುವುದರಿಂದ ಇನ್ನೊಂದು ಕೈ ಒಂದು ಅಡಿ ದೂರ. ಮೊಳೆ ಸಿಕ್ಕಿಕೊಂಡರೆ ಮೊದಲು ಗಾಳಿಯ ಪೈಪು ಬಿಚ್ಚಬೇಕು, ಗನ್ ತೆರೆಯುವುದು ಆಮೇಲೆ. ದಿನಕ್ಕೆರಡು ಹನಿ ಎಣ್ಣೆ ಗಾಳಿಯ ಬಾಯಿಗೆ. ಮುಂಬೈಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಅದನ್ನು ಒತ್ತಿದಾಗ ನೀರು ಕಂಪ್ರೆಸರಿನ ಟ್ಯಾಂಕಿಯ ತಳಕ್ಕೆ ಇಳಿಯುತ್ತದೆ, ಒಳಗಿಂದ ಟ್ಯಾಂಕಿಯನ್ನು ತಿನ್ನುತ್ತದೆ. ಜುಲೈ ಸಂಜೆ ಕೆಳಗಿನ ತಿರುಪು ಬಿಚ್ಚಿದರೆ ತುಕ್ಕಿನ ಬಣ್ಣದ ನೀರು ಹರಿಯುತ್ತದೆ.